ನೋಡುವ ಕಣ್ಣು, ಮುಚ್ಚುವ ಕೈ

ಮಾನವ ದೇಹವನ್ನು ಕುರಿತು ಕವಿಗಳು ಹಾಡಿದ್ದು ಬಹಳ. ಕಣ್ಣು ಕಮಲವಾಗಿದೆ, ಮುಖ ಚಂದ್ರನಾಗಿದೆ, ಪಾದಗಳಿಗೂ ಪದ್ಯಗಳು ದೊರೆತಿವೆ. ಆದರೆ ದೇಹದಿಂದ ಮಲ ಹೊರಬೀಳುವ ದ್ವಾರದ ವಿಷಯದಲ್ಲಿ ಸಭ್ಯ ಸಾಹಿತ್ಯವೆಲ್ಲ ಮೌನ ತಾಳಿದೆ. ಅದು ತನ್ನ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿರುವವರೆಗೆ ನಾವು ಅದನ್ನು ನೆನೆಯುವುದೂ ಇಲ್ಲ. ನೆನೆಯಬೇಕಾಗಿ ಬಂದಾಗ ದನಿ ತಗ್ಗಿಸುತ್ತೇವೆ. ಈ ಸಂಕೋಚ ಸಹಜವಾದುದು, ತಪ್ಪೆನ್ನಲಾಗದು. ಆದರೆ ಸಂಕೋಚವೇ ಒಂದು ಮಗುವಿನ ಪ್ರಾಣಕ್ಕೆ, ಅಥವಾ ಅದರ ಇಡೀ ಬಾಳಿಗೆ ಮುಳುವಾಗುವ ಸಂದರ್ಭವೊಂದಿದೆ. ಅದನ್ನು ಕುರಿತು ಕೆಲವು ಮಾತುಗಳನ್ನು ಮುಚ್ಚುಮರೆಯಿಲ್ಲದೆ ಆಡುವುದು ಈ ಬರಹದ ಉದ್ದೇಶ.

ಸುಮಾರು ಐದು ಸಾವಿರ ಶಿಶುಗಳಲ್ಲಿ ಒಂದು ಮಗು ಗುದದ್ವಾರ ಸರಿಯಾಗಿ ರೂಪುಗೊಳ್ಳದೆ ಹುಟ್ಟುತ್ತದೆ. ನಮ್ಮ ದೇಶದಲ್ಲಿ ವರ್ಷಕ್ಕೆ ಎರಡು ಕೋಟಿಗೂ ಮಿಕ್ಕಿ ಮಕ್ಕಳು ಹುಟ್ಟುತ್ತಾರೆ. ಅದೇ ಪ್ರಮಾಣದಲ್ಲಿ ಲೆಕ್ಕ ಹಾಕಿದರೆ ಪ್ರತಿವರ್ಷ ನಾಲ್ಕು ಸಾವಿರಕ್ಕೂ ಹೆಚ್ಚು ಮನೆಗಳಿಗೆ ಈ ಸುದ್ದಿ ತಲಪುತ್ತದೆ ಎಂದಾಯಿತು. ಆದರೂ ಈ ತೊಂದರೆಯ ಹೆಸರನ್ನು ಕೇಳಿದವರು ನಮ್ಮ ನಡುವೆ ಎಷ್ಟು ಮಂದಿ? ಸೀಳುತುಟಿಯ ಮಗುವಿನ ಚಿತ್ರವನ್ನು ದಾನ ಕೋರುವ ಫಲಕಗಳಲ್ಲಿ ಕಾಣುತ್ತೇವೆ, ಹೃದಯದಲ್ಲಿ ರಂಧ್ರವಿರುವ ಮಗುವಿಗಾಗಿ ಪತ್ರಿಕೆಗಳಲ್ಲಿ ಮನವಿ ಬರುತ್ತದೆ. ಈ ಮಗುವಿನ ಚಿತ್ರವನ್ನು ಮಾತ್ರ ಯಾರೂ ಎಲ್ಲಿಯೂ ತೂಗುಹಾಕುವುದಿಲ್ಲ. ಹಾಗೆ ತೂಗುಹಾಕಬಾರದು ಎಂಬುದೂ ನಿಜವೇ. ಹಾಗಾದರೆ ಪ್ರದರ್ಶನಕ್ಕಿಡದೆಯೇ ನೋಡುವುದು ಹೇಗೆ? ಕಡೆಗಣಿಸದೆಯೇ ಮುಚ್ಚುವುದು ಹೇಗೆ? ನೈತಿಕ ಪ್ರಶ್ನೆ ಇಲ್ಲಿಂದ ಮೊದಲಾಗುತ್ತದೆ.

ಮೊದಲ ದಿನದ ನೋಟ

ತಾಯಿಯ ಗರ್ಭದಲ್ಲಿ ಮೊದಲ ಕೆಲವು ವಾರಗಳ ಕಾಲ ಮಲಮಾರ್ಗ, ಮೂತ್ರಮಾರ್ಗಗಳೆಂಬ ಭೇದವಿರುವುದಿಲ್ಲ. ಎಲ್ಲವೂ ಒಂದೇ ಕುಹರವಾಗಿರುತ್ತದೆ. ಎರಡನೆಯ ತಿಂಗಳು ಮುಗಿಯುವ ಹೊತ್ತಿಗೆ ಅದು ಬೇರ್ಪಟ್ಟು ಪ್ರತ್ಯೇಕ ಹಾದಿಗಳಾಗುತ್ತದೆ. ಎಷ್ಟೋ ಹೆಂಗಸರು ತಾವು ಬಸುರಿಯೆಂದು ನಿಶ್ಚಯವಾಗಿ ತಿಳಿಯುವ ವೇಳೆಗಾಗಲೇ ಈ ಸೂಕ್ಷ್ಮ ಕಾರ್ಯ ಅರ್ಧ ಮುಗಿದಿರುತ್ತದೆ. ಎಲ್ಲೋ ಒಂದು ಕಡೆ ಈ ಬೇರ್ಪಡೆ ಪೂರ್ಣವಾಗದಿದ್ದಾಗ ಕರುಳಿನ ಕೊನೆ ಹೊರಕ್ಕೆ ತೆರೆದುಕೊಳ್ಳದೆ ಕುರುಡಾಗಿ ನಿಲ್ಲುತ್ತದೆ, ಇಲ್ಲವೇ ತಪ್ಪಾದ ಜಾಗದಲ್ಲಿ ಸಣ್ಣ ರಂಧ್ರವಾಗಿ ತೆರೆದುಕೊಳ್ಳುತ್ತದೆ. ಗಂಡುಮಕ್ಕಳಲ್ಲಿ ಅದು ಹೆಚ್ಚಾಗಿ ಮೂತ್ರನಾಳದೊಡನೆ ಕೂಡಿಕೊಂಡಿರುತ್ತದೆ; ಹೆಣ್ಣುಮಕ್ಕಳಲ್ಲಿ ಯೋನಿದ್ವಾರದ ಅಂಚಿನಲ್ಲಿ ತೆರೆದುಕೊಳ್ಳುತ್ತದೆ. ಬಹಳ ಅಪರೂಪವಾಗಿ, ಸುಮಾರು ಐವತ್ತು ಸಾವಿರದಲ್ಲಿ ಒಂದು ಮಗುವಿನಲ್ಲಿ, ಮೂರೂ ಮಾರ್ಗಗಳು ಬೇರ್ಪಡದೆ ಒಂದೇ ರಂಧ್ರದಲ್ಲಿ ಕೊನೆಗೊಳ್ಳುತ್ತವೆ. ಇದನ್ನು ವೈದ್ಯರು ಕ್ಲೋಯಕ ಎನ್ನುತ್ತಾರೆ.

ಇದನ್ನು ಕಂಡುಹಿಡಿಯಲು ಬೇಕಾದ ಉಪಕರಣ ಯಾವುದು? ಕಣ್ಣು. ಹುಟ್ಟಿದ ಮಗುವನ್ನು ಒರೆಸಿ ಬಟ್ಟೆ ಸುತ್ತುವ ಮುನ್ನ ಕಾಲೆತ್ತಿ ಒಮ್ಮೆ ನೋಡಿದರೆ ಸಾಕು. ಹೀಗಿದ್ದರೂ ಎರಡು ಮೂರು ದಿನ ಕಳೆದು, ಹೊಟ್ಟೆ ತಮಟೆಯಂತೆ ಉಬ್ಬಿ, ಹಸಿರು ವಾಂತಿಯಾಗತೊಡಗಿದ ಮೇಲೆ ಆಸ್ಪತ್ರೆಗೆ ಬರುವ ಮಕ್ಕಳಿದ್ದಾರೆ. ಹೆಣ್ಣುಮಕ್ಕಳ ಪಾಡು ಇನ್ನೂ ಬೇರೆ. ತಪ್ಪಾದ ಜಾಗದಿಂದಲಾದರೂ ಮಲ ಹೊರಬರುತ್ತಿರುವುದರಿಂದ ಪ್ರಾಣಕ್ಕೆ ತಕ್ಷಣದ ಅಪಾಯವಿಲ್ಲ. ಆದ್ದರಿಂದ ಯಾರೂ ಗಮನಿಸುವುದಿಲ್ಲ. ಗಮನಿಸಿದ ಅಜ್ಜಿ, ತಾಯಿಯೂ 'ಹೆಣ್ಣು ಮಗು, ನಾಲ್ಕು ಜನಕ್ಕೆ ತಿಳಿಯುವುದು ಬೇಡ' ಎಂದು ಸೆರಗು ಮುಚ್ಚಿಬಿಡುತ್ತಾರೆ. ಮದುವೆಯ ಮಾತು ಬಂದಾಗಲೋ, ತೀರ ಮಲಬದ್ಧತೆಯಾದಾಗಲೋ ಮಾತ್ರ ವೈದ್ಯರ ಬಳಿಗೆ ಹೋದವರಿದ್ದಾರೆ. ಇಲ್ಲಿ ಅಜ್ಞಾನಕ್ಕಿಂತ ಹೆಚ್ಚಾಗಿ ಕೆಲಸ ಮಾಡಿರುವುದು ನಾಚಿಕೆ. ಮಗುವನ್ನು ರಕ್ಷಿಸಲೆಂದೇ ಹೊದಿಸಿದ ಸೆರಗು ಅದರ ಬಾಲ್ಯವನ್ನೇ ಕಿತ್ತುಕೊಂಡಿರುತ್ತದೆ.

ಅಪರೂಪ ಎಂಬ ಮಾತಿನ ಬಗ್ಗೆಯೂ ಒಂದಿಷ್ಟು ಯೋಚಿಸಬೇಕು. 2005ರಲ್ಲಿ ಜರ್ಮನಿಯ ಕ್ರಿಕೆನ್‌ಬೆಕ್ ಎಂಬಲ್ಲಿ ಸೇರಿದ ಶಸ್ತ್ರವೈದ್ಯರು ಈ ವಿಕಲತೆಗಳನ್ನು ಹೊಸದಾಗಿ ವರ್ಗೀಕರಿಸಿದರು. ಸಾಮಾನ್ಯವಾದವು ಒಂದು ಪಟ್ಟಿ. ಅಪರೂಪವಾದ, ಕೆಲವು ಪ್ರದೇಶಗಳಲ್ಲಿ ಮಾತ್ರ ಕಂಡುಬರುವವು ಇನ್ನೊಂದು ಪಟ್ಟಿ. ಈ ಎರಡನೆಯ ಪಟ್ಟಿಯಲ್ಲಿ, ದೊಡ್ಡಕರುಳು ಕೊಳವೆಯಾಗದೆ ಚೀಲದಂತೆ ಉಬ್ಬಿಕೊಂಡಿರುವ ಒಂದು ವಿಕಲತೆಯೂ ಸೇರಿದೆ. ಅದರ ವರದಿಗಳು ಬಹುಪಾಲು ಬಂದಿರುವುದು ಉತ್ತರ ಭಾರತದ ಆಸ್ಪತ್ರೆಗಳಿಂದ. ಯೂರೋಪಿನ ವೈದ್ಯನೊಬ್ಬ ಇಡೀ ವೃತ್ತಿಜೀವನದಲ್ಲಿ ಒಮ್ಮೆಯೂ ಕಾಣದಿರಬಹುದಾದ ಮಗುವನ್ನು ದೆಹಲಿಯದೋ ಲಖನೌದೋ ವೈದ್ಯ ಮತ್ತೆ ಮತ್ತೆ ಕಾಣುತ್ತಾನೆ. ಅಪರೂಪವೆನ್ನುವುದು ಎಣಿಸುವವನು ಎಲ್ಲಿ ನಿಂತಿದ್ದಾನೆಂಬುದನ್ನು ಅವಲಂಬಿಸಿದ ಮಾತು. ಹೆತ್ತ ತಾಯಿಯ ಪಾಲಿಗಂತೂ ಅಪರೂಪದ ಮಗುವೆಂಬುದಿಲ್ಲ. ಇರುವುದು ತನ್ನ ಮಗು.

ಕುರುಡಾಗಿ ತಡಕಿದ ಶತಮಾನಗಳು

ವೈದ್ಯಶಾಸ್ತ್ರಕ್ಕೆ ಈ ಮಕ್ಕಳು ಹೊಸಬರಲ್ಲ. ಏಳನೆಯ ಶತಮಾನದ ಗ್ರೀಕ್ ವೈದ್ಯ ಈಜಿನಾದ ಪೌಲ್, ಮುಚ್ಚಿಕೊಂಡ ಪೊರೆಯನ್ನು ಬೆರಳಿನಿಂದಲೋ ಕತ್ತಿಯ ಮೊನೆಯಿಂದಲೋ ಭೇದಿಸುವ ಕ್ರಮವನ್ನು ಹೇಳಿದ್ದಾನೆ. ಪೊರೆ ತೆಳುವಾಗಿದ್ದರೆ ಮಗು ಬದುಕುತ್ತಿತ್ತು. ಕರುಳು ಒಳಗೆ ಆಳದಲ್ಲಿದ್ದರೆ ಇಲ್ಲ. ಸಾವಿರ ವರ್ಷ ಪರಿಸ್ಥಿತಿ ಹೆಚ್ಚು ಬದಲಾಗಲಿಲ್ಲ. 1710ರಲ್ಲಿ ಫ್ರಾನ್ಸಿನ ಅಲೆಕ್ಸಿ ಲಿತ್ರೆ ಆರು ದಿನಗಳ ಬಾಳು ಮುಗಿಸಿದ ಇಂಥದೊಂದು ಶಿಶುವಿನ ಶವಪರೀಕ್ಷೆ ಮಾಡಿ, ಕರುಳನ್ನು ಹೊಟ್ಟೆಯ ಮೇಲೆ ತಂದು ತೆರೆಯಬಹುದಲ್ಲವೇ ಎಂದು ಯೋಚಿಸಿದ. ಆ ಯೋಚನೆ ಕಾರ್ಯವಾಗಿ ಫಲಿಸಲು ಎಂಬತ್ತಮೂರು ವರ್ಷ ಬೇಕಾಯಿತು. 1793ರಲ್ಲಿ ಬ್ರೆಸ್ಟ್ ಬಂದರು ನಗರದಲ್ಲಿ ಡ್ಯೂರೆ ಎಂಬ ಶಸ್ತ್ರವೈದ್ಯ ಮೂರು ದಿನದ ಕೂಸಿನ ಹೊಟ್ಟೆಯಲ್ಲಿ ದ್ವಾರ ಮಾಡಿದ. ಫ್ರಾನ್ಸಿನಲ್ಲಿ ಕ್ರಾಂತಿಯ ಹೆಸರಿನಲ್ಲಿ ತಲೆಗಳು ಉರುಳುತ್ತಿದ್ದ ವರ್ಷವದು. ಅದೇ ವರ್ಷ, ಅದೇ ನಾಡಿನಲ್ಲಿ, ಒಬ್ಬ ಮನುಷ್ಯ ಹೆಸರಿಲ್ಲದ ಕೂಸೊಂದರ ಪ್ರಾಣ ಉಳಿಸಲು ಮೈಮರೆತು ದುಡಿಯುತ್ತಿದ್ದ. ಅರಿವಳಿಕೆ ಇಲ್ಲದ, ಸೋಂಕಿನ ತಿಳಿವಳಿಕೆಯೂ ಇಲ್ಲದ ಆ ದಿನಗಳಲ್ಲಿ ಆ ಮಗು ಉಳಿಯಿತು. ನಲವತ್ತೈದು ವರ್ಷ ಬಾಳಿತು.

1835ರಲ್ಲಿ ಆಮ್ಯುಸಾ ಎಂಬಾತ ಕರುಳಿನ ತುದಿಯನ್ನು ಕೆಳಕ್ಕೆ ತಂದು ಚರ್ಮಕ್ಕೆ ಹೊಲಿದ. ಅಲ್ಲಿಂದ ಮುಂದೆ ಶಸ್ತ್ರಚಿಕಿತ್ಸೆಯ ಹಾದಿ ಸ್ಪಷ್ಟವಾಯಿತಾದರೂ ಮೂಲ ಕಷ್ಟ ಹಾಗೆಯೇ ಉಳಿಯಿತು. ಮಲವನ್ನು ತಡೆದು ಹಿಡಿಯುವ ಸ್ನಾಯುಗಳು ಆ ಮಗುವಿನಲ್ಲಿ ಎಲ್ಲಿವೆ, ಎಷ್ಟಿವೆ ಎಂಬುದನ್ನು ಶಸ್ತ್ರವೈದ್ಯ ಕಣ್ಣಾರೆ ಕಾಣುತ್ತಿರಲಿಲ್ಲ. ಮೇಲಿನಿಂದ ಹೊಟ್ಟೆ ತೆರೆದೋ, ಕೆಳಗಿನಿಂದ ಸಣ್ಣ ಗಾಯ ಮಾಡಿಯೋ ಬೆರಳಿನಿಂದ ತಡಕಿ ಕರುಳನ್ನು ಹಾಯಿಸುತ್ತಿದ್ದ. 1953ರಲ್ಲಿ ಮೆಲ್ಬರ್ನಿನ ಡಗ್ಲಸ್ ಸ್ಟೀಫನ್ಸ್ ಆ ಸ್ನಾಯುಗಳ ಮಹತ್ವವನ್ನು ಎತ್ತಿ ಹೇಳಿ ಹೊಸ ವಿಧಾನವೊಂದನ್ನು ಕೊಟ್ಟರು. ಆದರೂ ನಿಜವಾದ ತಿರುವು ಬಂದದ್ದು 1980ರಲ್ಲಿ, ಮೆಕ್ಸಿಕೋ ನಗರದಲ್ಲಿ. ಆಲ್ಬರ್ತೊ ಪೆನ್ಯಾ ಎಂಬ ಮಕ್ಕಳ ಶಸ್ತ್ರವೈದ್ಯರು ಮಗುವನ್ನು ಬೋರಲು ಮಲಗಿಸಿ, ಬೆನ್ನಿನ ಕೆಳತುದಿಯಿಂದ ಗುದಸ್ಥಾನದವರೆಗೆ ನಟ್ಟನಡುವಿನ ಗೆರೆಯಲ್ಲಿ ಸೀಳಿ ತೆರೆದರು. ಆ ನಡುಗೆರೆಯನ್ನು ದಾಟಿ ಹೋಗುವ ಮುಖ್ಯ ನರಗಳಿಲ್ಲ. ಎಡಬಲಗಳ ಸ್ನಾಯುಗಳು ಅಲ್ಲಿ ಸಮಭಾಗವಾಗಿ ಬೇರ್ಪಡುತ್ತವೆ. ವಿದ್ಯುತ್ತಿನ ಸಣ್ಣ ಪ್ರಚೋದನೆ ಕೊಟ್ಟು ಯಾವ ಸ್ನಾಯು ಎಲ್ಲಿ ಕುಗ್ಗುತ್ತದೆಂದು ನೋಡುತ್ತ, ಅವುಗಳ ನಟ್ಟನಡುವೆ ಕರುಳನ್ನು ಕೂರಿಸಿ, ಮತ್ತೆ ಪದರ ಪದರವಾಗಿ ಹೊಲಿದರು. 1982ರಲ್ಲಿ ಪೀಟರ್ ಡಿವ್ರೀಸ್ ಅವರೊಡನೆ ಇದನ್ನು ಪ್ರಕಟಿಸಿದರು. ಇಂದು ಜಗತ್ತಿನ ಬಹುಭಾಗದಲ್ಲಿ, ನಮ್ಮ ದೇಶದಲ್ಲಿಯೂ, ಈ ಮಕ್ಕಳಿಗೆ ನಡೆಯುವ ಪ್ರಧಾನ ಶಸ್ತ್ರಚಿಕಿತ್ಸೆ ಇದೇ. ಕೆಲವು ಎತ್ತರದ ವಿಕಲತೆಗಳಿಗೆ 2000ದಿಂದೀಚೆಗೆ ಲ್ಯಾಪರೋಸ್ಕೋಪಿಯ ನೆರವೂ ದೊರೆತಿದೆ.

ಈ ಚರಿತ್ರೆಯನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಪೆನ್ಯಾ ಅವರು ಮೊದಲು ಮಾಡಿದ್ದು ಹೊಸ ಯಂತ್ರವನ್ನಲ್ಲ. ಅದುವರೆಗೆ ತಡಕುತ್ತಿದ್ದ ಜಾಗವನ್ನು ಅವರು ತೆರೆದು ನೋಡಿದರು. ನೋಡಿದ ಮೇಲೆ ಪುಸ್ತಕಗಳು ಬೇರೆ ಬೇರೆಯೆಂದು ವರ್ಣಿಸುತ್ತಿದ್ದ ಸ್ನಾಯುಗಳು ಹಾಗಿಲ್ಲ, ಆಲಿಕೆಯಂತೆ ಒಂದರೊಡನೊಂದು ಕೂಡಿಕೊಂಡಿವೆ ಎಂಬುದು ತಿಳಿಯಿತು. ನಾವು ನೋಡಲೊಲ್ಲದ ಜಾಗದ ಬಗ್ಗೆ ನಮ್ಮಲ್ಲಿರುವುದು ಬಹುಮಟ್ಟಿಗೆ ಊಹೆಗಳು. ಶಸ್ತ್ರಚಿಕಿತ್ಸೆಗೆ ಅನ್ವಯಿಸುವ ಈ ಮಾತು ಸಮಾಜಕ್ಕೂ ಅನ್ವಯಿಸುತ್ತದೆ.

ಯಾರ ತಪ್ಪು?

ಮಗು ಹೀಗೆ ಹುಟ್ಟಿತೆಂದು ತಿಳಿದೊಡನೆ ನೆರೆಹೊರೆಯಲ್ಲಿ ಏಳುವ ಮೊದಲ ಪ್ರಶ್ನೆ 'ಏಕೆ?' ಎಂಬುದು. ಅದಕ್ಕೆ ಸಿದ್ಧ ಉತ್ತರಗಳೂ ಇವೆ. ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಳಂತೆ, ಬೇಡದ್ದನ್ನು ತಿಂದಳಂತೆ, ಹಿಂದಿನ ಜನ್ಮದ ಕರ್ಮವಂತೆ, ಯಾರದೋ ಶಾಪವಂತೆ. ಕಾರಣ ಯಾವುದಾದರೂ ಬೆರಳು ತೋರುವುದು ಬಾಣಂತಿಯ ಕಡೆಗೆ. ವಿಜ್ಞಾನದ ಉತ್ತರ ಇದಕ್ಕಿಂತ ವಿನಯದ್ದು. ಕೆಲವು ಪ್ರಭೇದಗಳಲ್ಲಿ ವಂಶವಾಹಿಯ ಪಾತ್ರ ಗೊತ್ತಾಗಿದೆ. ಹೆಚ್ಚಿನವುಗಳಲ್ಲಿ ನಿಶ್ಚಿತ ಕಾರಣ ತಿಳಿದಿಲ್ಲ. ತಾಯಿ ಮಾಡಿದ, ಮಾಡದ ಯಾವ ಕೆಲಸವನ್ನೂ ಕಾರಣವೆಂದು ತೋರಿಸಲು ಆಧಾರವಿಲ್ಲ.

ಪ್ರಭು ಯೇಸುವಿನ ಶಿಷ್ಯರೂ ಹುಟ್ಟುಗುರುಡನನ್ನು ಕಂಡಾಗ ಇದೇ ಪ್ರಶ್ನೆಯನ್ನು ಕೇಳಿದರೆಂದು ಸಂತ ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯ ಹೇಳುತ್ತದೆ. ಪಾಪ ಅವನದೋ, ಹೆತ್ತವರದೋ ಎಂಬ ಆ ಪ್ರಶ್ನೆಯ ಎರಡು ಕವಲುಗಳನ್ನೂ ಪ್ರಭು ತಳ್ಳಿಹಾಕಿದರು. ಅಷ್ಟಕ್ಕೇ ನಿಲ್ಲಿಸದೆ ನೆಲಕ್ಕೆ ಬಗ್ಗಿ ಮಣ್ಣು ಕಲಸಿದರು. ಆ ಘಟನೆಯನ್ನು ಓದುವಾಗ ನಾವು ಸಾಮಾನ್ಯವಾಗಿ ಪವಾಡದ ಕಡೆಗೆ ಧಾವಿಸುತ್ತೇವೆ. ನಡುವಿನ ಆ ಮಣ್ಣನ್ನು ಮರೆಯುತ್ತೇವೆ. ಹಿಂದಿನ ಕಾರಣವನ್ನು ಹುಡುಕುವ ಪ್ರಶ್ನೆಯಿಂದ ಮುಂದಿನ ಕೆಲಸಕ್ಕೆ ಅವರು ಹೊರಳಿದ್ದು ಆ ಮಣ್ಣಿನ ಮೂಲಕ. 'ಏಕೆ ಹೀಗಾಯಿತು?' ಎಂಬ ಕೊರಗು ಹೆತ್ತವರಿಗೆ ಇದ್ದೇ ಇರುತ್ತದೆ, ಅದನ್ನು ಯಾರೂ ಕಿತ್ತುಹಾಕಲಾರರು. ಆದರೆ ಸುತ್ತಲಿನವರಿಗೆ ಆ ಪ್ರಶ್ನೆ ಕೇಳುವ ಹಕ್ಕಿಲ್ಲ. ಅವರಿಗೆ ಉಳಿದಿರುವ ಪ್ರಶ್ನೆ 'ಈಗ ಏನು ಮಾಡೋಣ?' ಎಂಬುದು ಮಾತ್ರ.

ಬದುಕಿಸುವುದೋ ಬೇಡವೋ

ಇಂಥ ಮಕ್ಕಳನ್ನು ಬದುಕಿಸಿ ಪ್ರಯೋಜನವೇನು ಎಂದು ಕೇಳುವವರಿದ್ದಾರೆ. ಕ್ರೂರಿಗಳು ಮಾತ್ರವಲ್ಲ, ಕನಿಕರವುಳ್ಳವರೂ ಹಾಗೆ ಕೇಳುತ್ತಾರೆ. ಮೂರು ಶಸ್ತ್ರಚಿಕಿತ್ಸೆಗಳು, ವರ್ಷಗಳ ಓಡಾಟ, ಕೂಲಿ ಕಳೆದುಕೊಳ್ಳುವ ತಂದೆ, ಮನೆಯಲ್ಲಿ ಬೇರೆ ಮಕ್ಕಳು. ಇಷ್ಟೆಲ್ಲ ಆದ ಮೇಲೂ ಮಗು ಎಲ್ಲರಂತಾಗುತ್ತದೆಂಬ ಭರವಸೆಯಿಲ್ಲ. ಜೊತೆಗೆ ಈ ಮಕ್ಕಳಲ್ಲಿ ಅನೇಕರಿಗೆ ಬೆನ್ನೆಲುಬು, ಹೃದಯ, ಮೂತ್ರಪಿಂಡ, ಅನ್ನನಾಳಗಳಲ್ಲಿಯೂ ದೋಷವಿರುತ್ತದೆ.

1982ರಲ್ಲಿ ಅಮೆರಿಕದ ಇಂಡಿಯಾನ ರಾಜ್ಯದ ಬ್ಲೂಮಿಂಗ್ಟನ್‌ನಲ್ಲಿ ಒಂದು ಗಂಡು ಮಗು ಹುಟ್ಟಿತು. ಅದರ ತೊಂದರೆ ಗುದದ್ದಲ್ಲ, ಅನ್ನನಾಳದ್ದು, ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದಾದದ್ದು. ಜೊತೆಗೆ ಡೌನ್ ಸಿಂಡ್ರೋಮ್ ಇತ್ತು. ಹೆತ್ತವರು ಶಸ್ತ್ರಚಿಕಿತ್ಸೆ ಬೇಡವೆಂದರು. ನ್ಯಾಯಾಲಯ ಅವರ ತೀರ್ಮಾನವನ್ನು ಎತ್ತಿಹಿಡಿಯಿತು. ಮಗು ಆರನೆಯ ದಿನ ತೀರಿಕೊಂಡಿತು. ಆಗ ಅಮೆರಿಕ ಸರ್ಕಾರದ ಸರ್ಜನ್ ಜನರಲ್ ಆಗಿದ್ದ ಎವರೆಟ್ ಕೂಪ್ ಸ್ವತಃ ಮಕ್ಕಳ ಶಸ್ತ್ರವೈದ್ಯರು; ಇಂಥ ಅನ್ನನಾಳಗಳನ್ನು ಎಷ್ಟೋ ಸಲ ಸರಿಪಡಿಸಿದವರು. ಅವರು ಇದರ ವಿರುದ್ಧ ಗಟ್ಟಿಯಾಗಿ ದನಿಯೆತ್ತಿದರು. ದೊಡ್ಡ ವಾದವೇ ನಡೆದು, 1984ರಲ್ಲಿ ಇಂಥ ಶಿಶುಗಳಿಗೆ ಅಗತ್ಯ ಚಿಕಿತ್ಸೆ ನಿರಾಕರಿಸುವುದನ್ನು ಮಕ್ಕಳ ನಿರ್ಲಕ್ಷ್ಯದ ವ್ಯಾಖ್ಯೆಗೆ ಸೇರಿಸುವ ಕಾನೂನು ಬಂದಿತು.

ಆ ತಂದೆತಾಯಿಗಳನ್ನು ಇಲ್ಲಿಂದ ಕುಳಿತು ತೀರ್ಪಿಗೆ ಗುರಿಪಡಿಸುವುದು ಸುಲಭ. ಅದರ ಬದಲು ವಾದದ ಬೇರನ್ನು ನೋಡೋಣ. 'ಇದು ಬಾಳಲು ಯೋಗ್ಯವಾದ ಬಾಳಲ್ಲ' ಎನ್ನುವಾಗ ಅಳೆಯುತ್ತಿರುವುದು ಯಾರ ಬಾಳನ್ನು? ಮೂರು ದಿನದ ಕೂಸಿಗೆ ತನ್ನ ಭವಿಷ್ಯದ ಚಿತ್ರವಿಲ್ಲ. ಆ ಚಿತ್ರವನ್ನು ಬಿಡಿಸುತ್ತಿರುವವರು ನಾವು. ಅದಕ್ಕೆ ಬಳಿಯುತ್ತಿರುವುದು ನಮ್ಮ ಅಂಜಿಕೆಯ ಬಣ್ಣ. ಅದು ನಾಳೆ ಶಾಲೆಯಲ್ಲಿ ಅವಮಾನಿತವಾಗುತ್ತದೆಂದು ಹೇಳುತ್ತೇವೆ; ಅವಮಾನಿಸುವವರೂ ನಾವೇ ಎಂಬುದನ್ನು ಮರೆಯುತ್ತೇವೆ. ನಮ್ಮ ಅಸಹನೆಯನ್ನು ಮಗುವಿನ ನೋವೆಂದು ಲೆಕ್ಕ ಬರೆದು, ಆ ಲೆಕ್ಕದ ಆಧಾರದ ಮೇಲೆ ಅದರ ಪ್ರಾಣದ ಬೆಲೆ ಕಟ್ಟುವುದು ನ್ಯಾಯವಲ್ಲ.

ಇದಕ್ಕೆ ಇನ್ನೊಂದು ಮುಖವೂ ಇದೆ. ಉಳಿಸಬೇಕೆಂದು ಹೇಳುವವರು ಉಳಿಸಿದ ಮೇಲಿನ ಭಾರಕ್ಕೆ ಹೆಗಲು ಕೊಡಬೇಕು. ಜೀವ ಅಮೂಲ್ಯವೆಂದು ವೇದಿಕೆಯಿಂದ ಸಾರಿ, ಬಳಿಕ ತಾಯಿಯೊಬ್ಬಳನ್ನೇ ಮಗುವಿನೊಡನೆ ಬಿಟ್ಟು ಹೊರಟುಹೋಗುವ ಧರ್ಮ ಅರ್ಧಧರ್ಮ.

ನೋಯಿಸುವ ಪ್ರೀತಿ

ಆ ಭಾರ ಎಂಥದು? ಮೊದಲ ದಿನಗಳಲ್ಲಿ, ವಿಕಲತೆ ಸರಳವಾದುದಲ್ಲದಿದ್ದರೆ, ಹೊಟ್ಟೆಯ ಮೇಲೆ ತಾತ್ಕಾಲಿಕ ದ್ವಾರ ಮಾಡುತ್ತಾರೆ. ಕೆಲವು ತಿಂಗಳ ಬಳಿಕ ಮುಖ್ಯ ಶಸ್ತ್ರಚಿಕಿತ್ಸೆ. ಅದು ಮಾಗಿದ ಮೇಲೆ ಹೊಟ್ಟೆಯ ದ್ವಾರವನ್ನು ಮುಚ್ಚುವ ಮೂರನೆಯ ಶಸ್ತ್ರಚಿಕಿತ್ಸೆ. ಈ ನಡುವೆ ಹೊಸದಾಗಿ ಮಾಡಿದ ದ್ವಾರ ಕುಗ್ಗಿಹೋಗದಂತೆ ದಿನಕ್ಕೆರಡು ಬಾರಿ ಲೋಹದ ನಯವಾದ ಕಡ್ಡಿಯಿಂದ ಅದನ್ನು ಹಿಗ್ಗಿಸಬೇಕು. ವಾರಕ್ಕೊಮ್ಮೆ ಕಡ್ಡಿಯ ಗಾತ್ರ ಹೆಚ್ಚಬೇಕು. ಇದನ್ನು ಮಾಡುವವರು ದಾದಿಯರಲ್ಲ, ಮನೆಯಲ್ಲಿ ತಂದೆತಾಯಿಗಳೇ. ಅಳುವ ಮಗುವನ್ನು ಎದೆಗೊತ್ತಿಕೊಳ್ಳಬೇಕಾದ ಕೈ ಅದೇ ಮಗುವಿಗೆ ನೋವು ಕೊಡಬೇಕು. ಕನಿಕರಪಟ್ಟು ಒಂದೆರಡು ವಾರ ಬಿಟ್ಟರೆ ದ್ವಾರ ಗಂಟಿಕ್ಕಿಕೊಳ್ಳುತ್ತದೆ. ಮತ್ತೊಂದು ಶಸ್ತ್ರಚಿಕಿತ್ಸೆ ಬೇಕಾಗಬಹುದು. ಪ್ರೀತಿಯೆಂದರೆ ಮೃದುಭಾವ ಮಾತ್ರವೆಂದು ತಿಳಿದವರು ಇಂಥ ಮನೆಯೊಂದನ್ನು ನೋಡಬೇಕು. ಅಲ್ಲಿ ಪ್ರೀತಿಯೆಂಬುದು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಕೈ ನಡುಗದಂತೆ ಮಾಡುವ ಕೆಲಸ.

ವೈದ್ಯನಿಗೂ ಇಲ್ಲಿ ಒಂದು ಕಠಿಣ ಶೀಲವಿದೆ. ಈ ಮಕ್ಕಳ ಪಾಲಿಗೆ ಮೊದಲನೆಯ ಮುಖ್ಯ ಶಸ್ತ್ರಚಿಕಿತ್ಸೆಯೇ ಅತ್ಯುತ್ತಮ ಅವಕಾಶ. ಆಗ ಕರುಳು ಸ್ನಾಯುಗಳ ನಡುವೆ ಕೂರದೆ ಪಕ್ಕಕ್ಕೆ ಸರಿದರೆ, ನರಗಳಿಗೆ ಏಟಾದರೆ, ಮುಂದೆ ಎಂಥ ನಿಪುಣನೂ ಅದನ್ನು ಪೂರ್ತಿಯಾಗಿ ಸರಿಮಾಡಲಾರ. ಆದ್ದರಿಂದ ಅನುಭವವಿಲ್ಲದ ವೈದ್ಯ ಹೊಟ್ಟೆಯ ದ್ವಾರವಷ್ಟನ್ನೇ ಮಾಡಿ ಪ್ರಾಣ ಉಳಿಸಿ, ಮುಂದಿನದನ್ನು ಬಲ್ಲವರ ಬಳಿಗೆ ಕಳುಹಿಸಬೇಕು. 'ಇದು ನನ್ನಿಂದಾಗದು' ಎಂದು ಹೇಳಿ ಕತ್ತಿಯನ್ನು ಕೆಳಗಿಡುವುದಕ್ಕೆ ಕೈಚಳಕಕ್ಕಿಂತ ಹೆಚ್ಚಿನ ಧೈರ್ಯ ಬೇಕು. ತನ್ನ ಕೀರ್ತಿಗಿಂತ ಮಗುವಿನ ಬಾಳು ದೊಡ್ಡದೆಂದು ಒಪ್ಪಿಕೊಂಡವನು ಮಾತ್ರ ಹಾಗೆ ಮಾಡಬಲ್ಲ.

ಸರಿಪಡಿಸಿದ ಮೇಲೆ ಉಳಿಯುವುದು

ಇಷ್ಟಾದ ಮೇಲೆ ಮಗು ಗುಣವಾಯಿತೇ? ಶಸ್ತ್ರಚಿಕಿತ್ಸೆಯಿಂದ ದ್ವಾರ ಸರಿಯಾದ ಸ್ಥಳಕ್ಕೆ ಬರುತ್ತದೆ. ಆದರೆ ಮಲವನ್ನು ಹಿಡಿದಿಡುವ ಶಕ್ತಿಗೆ ಸ್ನಾಯು, ಸಂವೇದನೆ, ಕರುಳಿನ ಚಲನೆ ಮೂರೂ ಬೇಕು. ಹುಟ್ಟಿನಿಂದಲೇ ಇಲ್ಲದ ನರವನ್ನು ಯಾವ ಶಸ್ತ್ರವೈದ್ಯನೂ ಹೊಲಿದು ಕೊಡಲಾರ. ಪೆನ್ಯಾ ಅವರ ದೀರ್ಘ ಅನುಭವದ ಲೆಕ್ಕದಲ್ಲಿ ನಾಲ್ವರಲ್ಲಿ ಸುಮಾರು ಮೂವರು ಮಕ್ಕಳು ಸ್ವಇಚ್ಛೆಯಿಂದ ಮಲವಿಸರ್ಜನೆ ಮಾಡುವ ಸಾಮರ್ಥ್ಯ ಪಡೆಯುತ್ತಾರೆ. ಉಳಿದ ಒಬ್ಬರಿಗೆ ಅದು ಒದಗುವುದಿಲ್ಲ. ಸಾಮರ್ಥ್ಯ ಪಡೆದವರಲ್ಲಿಯೂ ಕೆಲವರ ಬಟ್ಟೆ ಆಗಾಗ ಕೊಳೆಯಾಗುವುದುಂಟು.

ಈ ನಾಲ್ಕನೆಯ ಮಗುವಿನ ಕತೆ ಶಸ್ತ್ರಚಿಕಿತ್ಸೆಯ ಸೋಲಿನ ಕತೆಯೇ? ಬಹುಕಾಲ ಹಾಗೆಂದೇ ತಿಳಿದು ಕೈಚೆಲ್ಲಿದ್ದರು. ಬಳಿಕ ತೀರ ಸಾಧಾರಣವೆನಿಸುವ ಒಂದು ಉಪಾಯ ರೂಢಿಗೆ ಬಂತು. ದಿನಕ್ಕೊಮ್ಮೆ ಗೊತ್ತಾದ ಹೊತ್ತಿನಲ್ಲಿ ಎನಿಮಾ ಕೊಟ್ಟು ದೊಡ್ಡಕರುಳನ್ನು ತೊಳೆಯುವುದು. ಎಕ್ಸ್‌ರೇ ತೆಗೆದು ನೋಡಿ ಆ ಮಗುವಿಗೆ ಒಗ್ಗುವ ಪ್ರಮಾಣವನ್ನು ವಾರವೊಂದರಲ್ಲಿ ಗೊತ್ತುಮಾಡುವುದು. ಕ್ರಮ ಸರಿಹೊಂದಿದರೆ ಮುಂದಿನ ಇಪ್ಪತ್ತನಾಲ್ಕು ಗಂಟೆ ಬಟ್ಟೆ ಕೊಳೆಯಾಗದು. 1990ರಲ್ಲಿ ಇಂಗ್ಲೆಂಡಿನ ಮೆಲೋನ್ ಅವರು ಅಪೆಂಡಿಕ್ಸನ್ನೇ ಹೊಟ್ಟೆಯ ಮೇಲಕ್ಕೆ ಸಣ್ಣ ಕಾಲುವೆಯಾಗಿ ತಂದು, ಮಗು ತಾನೇ ಮೇಲಿನಿಂದ ನೀರು ಹಾಯಿಸಿಕೊಳ್ಳುವಂತೆ ಮಾಡಿದರು. ಇದರಿಂದ ನರಗಳೇನೂ ಹುಟ್ಟಲಿಲ್ಲ, ದೋಷ ಹೋಗಲಿಲ್ಲ. ಆದರೆ ಹತ್ತು ವರ್ಷದ ಹುಡುಗ ತನ್ನ ಶುಚಿತ್ವಕ್ಕಾಗಿ ತಾಯಿಯ ಮುಂದೆ ಮಲಗಬೇಕಾದ ಅಗತ್ಯ ತಪ್ಪಿತು. ಗೆಳೆಯರ ಪಕ್ಕದಲ್ಲಿ ಬೆಂಚಿನ ಮೇಲೆ ಹೆದರದೆ ಕೂರಲು ಸಾಧ್ಯವಾಯಿತು.

ಗುಣಪಡಿಸುವುದಕ್ಕೂ ಆರೈಕೆ ಮಾಡುವುದಕ್ಕೂ ಇರುವ ವ್ಯತ್ಯಾಸ ಇಲ್ಲಿ ನಿಚ್ಚಳವಾಗುತ್ತದೆ. ಗುಣಪಡಿಸುವುದು ಒಮ್ಮೆ ಮುಗಿಯುವ ಕೆಲಸ; ಅದಕ್ಕೆ ಹೊಗಳಿಕೆ ಸಲ್ಲುತ್ತದೆ. ಆರೈಕೆ ಪ್ರತಿದಿನ ಮೊದಲಿನಿಂದ ಆರಂಭವಾಗುವ ಕೆಲಸ. ಅದನ್ನು ಯಾರೂ ಕಾಣುವುದಿಲ್ಲ. ನಮ್ಮ ಕಾಲ ಮೊದಲನೆಯದನ್ನು ಆರಾಧಿಸಿ ಎರಡನೆಯದನ್ನು ಮರೆತಿದೆ. ಆದರೆ ಗುಣಪಡಿಸುವಿಕೆ ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಮನುಷ್ಯನ ಕರ್ತವ್ಯ ನಿಲ್ಲುವುದಿಲ್ಲ.

ಮಾನ ಮುಚ್ಚುವುದು

ನಮ್ಮ ಕನ್ನಡದಲ್ಲಿ ಮಾನ ಎಂಬ ಮಾತು ಬಹಳ ಅರ್ಥಪೂರ್ಣ. ಅದು ಗೌರವವನ್ನೂ ಹೇಳುತ್ತದೆ, ಮುಚ್ಚಿಕೊಳ್ಳಬೇಕಾದುದನ್ನೂ ಹೇಳುತ್ತದೆ. ಮಾನ ಮುಚ್ಚಲು ಬಟ್ಟೆ ಬೇಕೆನ್ನುತ್ತೇವೆ. ಮಾನ ಕಳೆಯಬೇಡ ಎನ್ನುತ್ತೇವೆ. ಎರಡೂ ಒಂದೇ ಮಾತಾದುದು ಆಕಸ್ಮಿಕವಲ್ಲ. ಮುಚ್ಚುವುದೆಂದರೆ ಗೌರವಿಸುವುದೆಂಬ ತಿಳಿವಳಿಕೆ ಆ ಬಳಕೆಯಲ್ಲಿ ಅಡಗಿದೆ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಹನ್ನೆರಡನೆಯ ಅಧ್ಯಾಯದಲ್ಲಿ ದೇಹವನ್ನು ಕುರಿತು ಆಡಿರುವ ಮಾತೂ ಇದಕ್ಕೆ ಹೊಂದಿಕೊಳ್ಳುತ್ತದೆ. ಮರ್ಯಾದೆ ಕಡಿಮೆಯೆಂದು ನಾವು ಎಣಿಸುವ ಅಂಗಗಳಿಗೇ ಹೆಚ್ಚಿನ ಮರ್ಯಾದೆ ಸಲ್ಲಿಸುತ್ತೇವೆ, ದೇವರು ದೇಹವನ್ನು ಜೋಡಿಸಿರುವುದೂ ಹಾಗೆಯೇ ಎಂಬುದು ಅಲ್ಲಿಯ ಭಾವ. ಸಾಮಾನ್ಯವಾಗಿ ಅದನ್ನು ಧರ್ಮಸಭೆಯೊಳಗಿನ ಬಡವರನ್ನು ಕುರಿತ ರೂಪಕವಾಗಿ ಓದುತ್ತೇವೆ. ಅದು ಸರಿಯೇ. ಆದರೆ ರೂಪಕ ನಿಲ್ಲಬೇಕಾದರೆ ಮೊದಲು ದೇಹದ ಮಾತು ನಿಜವಾಗಿರಬೇಕಲ್ಲವೇ?

ದೇಹದ ಈ ಭಾಗದ ಬಗ್ಗೆ ನಾಚಿದ ಧರ್ಮವಿಚಾರಗಳೂ ಇದ್ದವು. ಎರಡನೆಯ ಶತಮಾನದ ಜ್ಞಾನವಾದಿ ವಾಲೆಂಟೈನಸ್, ಯೇಸು ಉಂಡರು ಕುಡಿದರು, ಆದರೆ ಉಂಡದ್ದು ಅವರ ದೇಹದಿಂದ ಹೊರಬರಲಿಲ್ಲ ಎಂದು ಬೋಧಿಸಿದನೆಂದು ಅಲೆಕ್ಸಾಂಡ್ರಿಯದ ಕ್ಲೆಮೆಂಟರು ದಾಖಲಿಸಿದ್ದಾರೆ. ಭಕ್ತಿಯಿಂದಲೇ ಹುಟ್ಟಿದ ಮಾತಿರಬಹುದು. ಆದರೆ ಧರ್ಮಸಭೆ ಕ್ರಮೇಣ ಬೇರೆ ಹಾದಿ ಹಿಡಿಯಿತು. 451ರಲ್ಲಿ ಕಾಲ್ಸೆದೋನಿನ ಮಹಾಸಭೆ ಕ್ರಿಸ್ತರು ಪಾಪವೊಂದನ್ನುಳಿದು ಎಲ್ಲದರಲ್ಲಿಯೂ ನಮ್ಮಂತೆ ಪೂರ್ಣ ಮಾನವರೆಂದು ಸಾರಿತು. ಇದು ಪಂಡಿತರ ಚರ್ಚೆ ಮಾತ್ರವಲ್ಲ. ದೇಹದಲ್ಲಿ ದೇವರು ಮುಟ್ಟಲೊಲ್ಲದ ಒಂದು ಭಾಗವಿದೆ ಎಂದು ಒಪ್ಪಿದರೆ, ಆ ಭಾಗದಲ್ಲಿಯೇ ತೊಂದರೆಯುಳ್ಳ ಮಗುವಿಗೆ ನಾವು ಹೇಳುವುದೇನು? ಪೂರ್ಣ ಮಾನವತ್ವವನ್ನು ಒಪ್ಪಿದವರಿಗೆ ಅಸ್ಪೃಶ್ಯವಾದ ಅಂಗವಿಲ್ಲ. ಅಸ್ಪೃಶ್ಯವಾದ ಮಗುವೂ ಇಲ್ಲ.

ಗೋಪ್ಯಕ್ಕೂ ಮುಚ್ಚುಮರೆಗೂ ಇರುವ ಭೇದವನ್ನು ಇಲ್ಲಿ ಅರಿಯಬೇಕು. ಗೋಪ್ಯವೆಂಬುದು ಮಗುವಿನ ಸೊತ್ತು. ಯಾರಿಗೆ ಹೇಳಬೇಕು, ಎಷ್ಟು ಹೇಳಬೇಕೆಂದು ಅದು ಬೆಳೆದಂತೆ ತಾನೇ ತೀರ್ಮಾನಿಸುತ್ತದೆ. ಮುಚ್ಚುಮರೆಯೆಂಬುದು ದೊಡ್ಡವರ ಅಂಜಿಕೆ. ಅದು ಮಗುವಿನಿಂದಲೂ ಸತ್ಯವನ್ನು ಬಚ್ಚಿಡುತ್ತದೆ. ತನ್ನ ಹೊಟ್ಟೆಯ ಮೇಲಿನ ಗಾಯದ ಗೆರೆ ಏಕಿದೆಯೆಂದು ಕೇಳುವ ಮಗುವಿಗೆ ಅದರ ವಯಸ್ಸಿಗೆ ತಕ್ಕ ನಿಜವನ್ನು ಹೇಳಬೇಕು. ಮೂರು ದಿನದ ಕೂಸಿನ ಒಪ್ಪಿಗೆ ಕೇಳದೆ ಅದರ ದೇಹವನ್ನು ತೆರೆದವರು ಬೆಳೆದ ಮಗನಿಗೆ, ಮಗಳಿಗೆ ಉತ್ತರ ಕೊಡಬೇಕಾದ ಸಾಲಗಾರರು. ಹೆಣ್ಣುಮಕ್ಕಳ ವಿಷಯದಲ್ಲಿ ಮದುವೆ, ಬಸಿರು, ಹೆರಿಗೆಗಳ ಮಾತೂ ಇರುವುದರಿಂದ ಈ ಸಾಲ ಇನ್ನೂ ದೊಡ್ಡದು.

ಕಾನೂನಿನ ಕಣ್ಣಿಗೂ ಈ ಮಕ್ಕಳು ಸುಲಭವಾಗಿ ಬೀಳುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವಿಕಲತೆಗಳನ್ನು ಹೆಸರಿಸಿತು. ಮಲನಿಯಂತ್ರಣವಿಲ್ಲದಿರುವುದು ಆ ಪಟ್ಟಿಯಲ್ಲಿ ಹೆಸರಾಗಿ ಬರಲಿಲ್ಲ. ನಡೆಯುವ, ಓಡುವ, ಲೆಕ್ಕ ಮಾಡುವ ಮಗುವಿಗೆ ಏನು ಕೊರತೆಯೆಂದು ಯಾರಾದರೂ ಕೇಳಿಯಾರು. ಅದರ ಕೊರತೆ ಶಾಲೆಯ ಶೌಚಾಲಯದಲ್ಲಿ ನೀರಿಲ್ಲದ ದಿನ ತಿಳಿಯುತ್ತದೆ. ಬಾಗಿಲಿಗೆ ಚಿಲಕವಿಲ್ಲದ ದಿನ ತಿಳಿಯುತ್ತದೆ. ಪಾಠದ ನಡುವೆ ಎದ್ದು ಹೋಗಲು ಮೇಷ್ಟರು ಅಪ್ಪಣೆ ಕೊಡದ ದಿನ ತಿಳಿಯುತ್ತದೆ.

ಆದ್ದರಿಂದ ಈ ಪ್ರಶ್ನೆಗೆ ನಾವು ಕೊಡಬಹುದಾದ ಉತ್ತರಗಳು ಬಹಳ ಸಣ್ಣವು, ಆದರೆ ನಮ್ಮ ಕೈಯಳವಿನವು. ಹೆರಿಗೆ ಮಾಡಿಸುವವರು ಮೊದಲ ಗಂಟೆಯಲ್ಲಿಯೇ ಮಗುವನ್ನು ಪೂರ್ತಿಯಾಗಿ ನೋಡಬೇಕು, ಹೆಣ್ಣು ಮಗುವನ್ನು ಇನ್ನೂ ಎಚ್ಚರದಿಂದ ನೋಡಬೇಕು. ನೆರೆಯವರು ಬಾಣಂತಿಯನ್ನು ಪ್ರಶ್ನಿಸುವ ಬದಲು ಅವಳ ಇತರ ಮಕ್ಕಳಿಗೆ ಅನ್ನವಿಕ್ಕಬೇಕು, ಆಸ್ಪತ್ರೆಗೆ ಹೋಗುವ ದಿನ ಜೊತೆಗೆ ನಡೆಯಬೇಕು. ಶಾಲೆ ನಡೆಸುವ ಸಂಸ್ಥೆಗಳು ಕಟ್ಟಡಕ್ಕೆ ಇನ್ನೊಂದು ಅಂತಸ್ತು ಏರಿಸುವ ಮುನ್ನ ಶೌಚಾಲಯದ ನಲ್ಲಿಯನ್ನು ಸರಿಪಡಿಸಬೇಕು. ಉಪಾಧ್ಯಾಯರಲ್ಲಿ ಒಬ್ಬರಾದರೂ ಅಂಥ ಮಗುವಿನ ಗುಟ್ಟನ್ನು ತಿಳಿದು, ಕಾಪಾಡಿ, ಅದು ಕಣ್ಸನ್ನೆ ಮಾಡಿದೊಡನೆ ಹೊರಗೆ ಕಳುಹಿಸುವಂತಿರಬೇಕು.

ಶಸ್ತ್ರವೈದ್ಯ ತೆರೆದು ನೋಡಿ, ಜೋಡಿಸಿ, ಮತ್ತೆ ಮುಚ್ಚುತ್ತಾನೆ. ತೆರೆಯದೆ ಮುಚ್ಚಿದರೆ ರೋಗ ಉಳಿಯುತ್ತದೆ. ತೆರೆದು ಮುಚ್ಚದೆ ಬಿಟ್ಟರೆ ಗಾಯ ಉಳಿಯುತ್ತದೆ. ಮನುಷ್ಯರು ಒಬ್ಬರ ದೌರ್ಬಲ್ಯವನ್ನು ಇನ್ನೊಬ್ಬರು ನೋಡಬೇಕಾದ ಕ್ರಮವೂ ಇದೇ ಇರಬೇಕು. ಸಹಾಯ ಮಾಡಲು ಎಷ್ಟು ಬೇಕೋ ಅಷ್ಟು ನೋಡುವ ಕಣ್ಣನ್ನೂ, ನೋಡಿದ್ದನ್ನು ಗೌರವದಿಂದ ಮುಚ್ಚುವ ಕೈಯನ್ನೂ ದೇವರು ನಮಗೆ ದಯಪಾಲಿಸಲಿ.